ಬೆಂಗಳೂರಿನಲ್ಲಿ ಚಿತ್ರ ನೋಡಲು ಎಲ್ಲಿಗೆ ಹೋಗಬೇಕು? ಎನ್‌ಜಿಎಂಎ, ಮ್ಯಾಪ್, ಪರಿಷತ್ತು, ಖಾಸಗಿ ಗ್ಯಾಲರಿ: ಒಂದು ಹೋಲಿಕೆ

ಬೆಂಗಳೂರಿನಲ್ಲಿ ಯಾವ ವಾರ ನೋಡಿದರೂ ಹಲವು ಚಿತ್ರಪ್ರದರ್ಶನಗಳು ನಡೆಯುತ್ತಿರುತ್ತವೆ. ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ಬಾಗಿಲು ತೆರೆದಿರುತ್ತದೆ, ಒಳಗೆ ಜನ ಇರುವುದಿಲ್ಲ. ಅದೇ ಊರಿನಲ್ಲಿ ಜನವರಿಯ ಒಂದು ಭಾನುವಾರ ರಸ್ತೆಯಲ್ಲೇ ಚಿತ್ರ ಮಾರುವ ಚಿತ್ರಸಂತೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅಂದರೆ ಚಿತ್ರ ನೋಡುವ ಆಸೆ ಊರಿಗೆ ಇದೆ. ಉಳಿದ ದಿನ ಎಲ್ಲಿಗೆ ಹೋಗಬೇಕು, ಹೋದರೆ ಏನು ಮಾಡಬೇಕು ಅನ್ನೋದನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ.

ಹೊಸಬರು ಸಾಮಾನ್ಯವಾಗಿ ಜಾಗದ ಹೆಸರು ಕೇಳಿ, ದೂರ ನೋಡಿ ಹೊರಡುತ್ತಾರೆ. ನಾನು ಮೊದಲು ಬೇರೆ ಒಂದು ಪ್ರಶ್ನೆ ಕೇಳಿ ಅಂತ ಹೇಳುತ್ತೇನೆ: ಅಲ್ಲಿನ ಗೋಡೆಯ ಮೇಲಿರುವ ಚಿತ್ರಗಳನ್ನು ಆರಿಸಿದವರು ಯಾರು? ಕೇಂದ್ರ ಸರ್ಕಾರದ ಸಂಗ್ರಹಾಲಯವೇ, ಪ್ರದರ್ಶನಕ್ಕೆ ಚಿತ್ರ ಆರಿಸಿ ಜೋಡಿಸುವ ಒಬ್ಬ ಕ್ಯುರೇಟರೇ, ತನ್ನ ದುಡ್ಡು ಹಾಕಿದ ಗ್ಯಾಲರಿ ಮಾಲೀಕರೇ, ಅಥವಾ ಹಾಲ್ ಬಾಡಿಗೆ ಕಟ್ಟಿದ ಕಲಾವಿದರೇ? ಇದೊಂದು ಗೊತ್ತಾದರೆ ಬಾಕಿ ಎಲ್ಲ ತಾನಾಗಿ ತಿಳಿಯುತ್ತದೆ. ಅಲ್ಲಿ ಎಷ್ಟು ಒಳ್ಳೆಯದು ಎಷ್ಟು ಸಾಧಾರಣ ಇರುತ್ತದೆ, ಯಾರ ಜೊತೆ ಮಾತಾಡಬಹುದು, ಬೆಲೆ ಯಾಕೆ ಅಷ್ಟಿದೆ, ಎಲ್ಲವೂ.

ಮೊದಲ ಸಲ ಹೋಗುವವರಿಗೆ: ಎನ್‌ಜಿಎಂಎ

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ (ಎನ್‌ಜಿಎಂಎ) ಬೆಂಗಳೂರು ಶಾಖೆ 2009ರಲ್ಲಿ ಶುರುವಾಯಿತು. ದೆಹಲಿಯ ಜೈಪುರ ಹೌಸಿನಲ್ಲಿ 1954ರಲ್ಲಿ ಮೊದಲನೆಯದು, ಮುಂಬೈಯಲ್ಲಿ 1996ರಲ್ಲಿ ಎರಡನೆಯದು, ಇದು ಮೂರನೆಯದು. ಹಳೆಯ ಬಂಗಲೆ, ಅದರ ಹಿಂದೆ ಹೊಸದಾಗಿ ಕಟ್ಟಿದ ಗ್ಯಾಲರಿ, ಸುತ್ತ ದೊಡ್ಡ ದೊಡ್ಡ ಮರಗಳು. ಟಿಕೆಟ್ 20 ರೂಪಾಯಿ. ಸೋಮವಾರ ರಜೆ.

ಇಲ್ಲಿ ಆರಿಸಿದವರು ಸರ್ಕಾರಿ ಸಂಸ್ಥೆ. ಹಲವು ದಶಕಗಳ ಕಾಲ ದೇಶಕ್ಕಾಗಿ ಕೂಡಿಟ್ಟ ಸಂಗ್ರಹ ಇದು. ರವಿವರ್ಮ, ಟ್ಯಾಗೋರ್ ಮನೆತನದವರು, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಸ್ವಾತಂತ್ರ್ಯ ಬಂದ ಮೇಲಿನ ರಝಾ, ಹುಸೇನ್ ಪೀಳಿಗೆ, ಹೀಗೆ ಭಾರತದ ಚಿತ್ರಕಲೆ ನೂರೈವತ್ತು ವರ್ಷದಲ್ಲಿ ಎಲ್ಲೆಲ್ಲಿ ತಿರುಗಿತು ಅನ್ನೋದು ಈ ಸಂಸ್ಥೆಯ ಸಂಗ್ರಹದಲ್ಲಿ ಸಿಗುತ್ತದೆ. ಯಾವಾಗ ಯಾವುದು ಗೋಡೆ ಮೇಲಿರುತ್ತದೆ ಅನ್ನೋದು ಬದಲಾಗುತ್ತಿರುತ್ತದೆ. ಇವತ್ತು ಬಿಡಿಸಿದ ಚಿತ್ರ ನೋಡಬೇಕು ಅಂತಲೇ ಹೊರಟವರಿಗೆ ಇದು ಹಳೆಯದು ಅನ್ನಿಸಬಹುದು. ಆದರೂ ಶುರು ಇಲ್ಲಿಂದಲೇ ಆಗಲಿ ಅನ್ನುವುದಕ್ಕೆ ಕಾರಣ ಇದೆ. ಇವತ್ತಿನ ಕಲಾವಿದರು ಯಾರ ಜೊತೆ ಜಗಳ ಆಡುತ್ತಿದ್ದಾರೆ, ಯಾರಿಂದ ಸಾಲ ತಂದಿದ್ದಾರೆ ಅನ್ನೋದು ಇವರನ್ನು ನೋಡದೆ ಗೊತ್ತಾಗುವುದಿಲ್ಲ.

ಎಲ್ಲ ಕೋಣೆಗಳನ್ನೂ ಸುತ್ತಲು ಹೋಗಬೇಡಿ. ನಾಲ್ಕೈದು ಚಿತ್ರ ಆರಿಸಿಕೊಳ್ಳಿ, ಸಾಕು. ಜಾಮಿನಿ ರಾಯ್ ಅವರದ್ದು ಒಂದು ಸಿಕ್ಕಿದರೆ ಅದರ ಮುಂದೆ ನಿಲ್ಲಿ. ಅವರು ಕಲಿತಿದ್ದು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ, ಪಾಶ್ಚಾತ್ಯ ರೀತಿಯ ತೈಲವರ್ಣ. ಭಾವಚಿತ್ರ ಬರೆದು ಹೆಸರೂ ಮಾಡಿದ್ದರು. ಆಮೇಲೆ ಅದನ್ನೆಲ್ಲ ಬಿಟ್ಟು ಬಂಗಾಳದ ಹಳ್ಳಿಯ ಪಟಚಿತ್ರದ ಕಡೆ ತಿರುಗಿದರು. ಬಣ್ಣಕ್ಕೆ ಮಣ್ಣು, ಕಲ್ಲಿನ ಪುಡಿ, ಗಿಡದ ನೀಲಿ. ಅಂಟಿಗೆ ಹುಣಸೆ ಬೀಜ. ಗೆರೆಗೆ ದೀಪದ ಮಸಿ. ಹತ್ತಿರದಿಂದ ಆ ಕಪ್ಪು ಗೆರೆಯನ್ನೇ ಹಿಂಬಾಲಿಸಿ. ಹಣೆಯಿಂದ ಹೊರಟು ಕೆನ್ನೆಯ ಮೇಲೆ ಇಳಿದು ಗಲ್ಲದ ತನಕ ಕೈ ಎತ್ತದೆ ಎಳೆದ ಹಾಗಿರುತ್ತದೆ. ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ನೋಡಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಬನ್ನಿ. ಆ ಗೆರೆ ಮಾಯವಾಗಿ ಬರೀ ಮುಖ ಕಾಣುತ್ತದೆ. ಹೀಗೆ ಒಂದು ಚಿತ್ರವನ್ನು ಹತ್ತಿರದಿಂದ, ದೂರದಿಂದ ನೋಡುವ ಅಭ್ಯಾಸ ಆದರೆ ಆಮೇಲೆ ಯಾವ ಗ್ಯಾಲರಿಗೆ ಹೋದರೂ ಕಣ್ಣು ತಾನಾಗಿ ಕೆಲಸ ಮಾಡುತ್ತದೆ.

ವಾರದ ದಿನ ಬೆಳಗ್ಗೆ ಹೋದರೆ ಕೋಣೆಯಲ್ಲಿ ನೀವು, ಒಬ್ಬ ಕಾವಲುಗಾರರು, ಅಷ್ಟೇ. ಚಿತ್ರ ನೋಡಲು ಅದಕ್ಕಿಂತ ಒಳ್ಳೆ ಹೊತ್ತು ಈ ಊರಿನಲ್ಲಿ ಇಲ್ಲ.

ಮ್ಯಾಪ್ ಹೇಗೆ ಬೇರೆ?

ಕಸ್ತೂರ್ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಎಲ್ಲರ ಬಾಯಲ್ಲಿ ಮ್ಯಾಪ್, 2023ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು. ಸಂಗ್ರಾಹಕ ಅಭಿಷೇಕ್ ಪೋದ್ದಾರ್ ಕಟ್ಟಿಸಿದ ಖಾಸಗಿ ಮ್ಯೂಸಿಯಂ ಇದು. ಹೊರಗಿನಿಂದ ನೋಡಿದರೆ ಉಕ್ಕಿನ ಹಾಳೆ ಹೊದಿಸಿದ ದೊಡ್ಡ ನೀರಿನ ಟ್ಯಾಂಕಿನ ಹಾಗಿದೆ.

ಇಲ್ಲಿ ಆರಿಸುವವರು ಕ್ಯುರೇಟರ್‌ಗಳು. ಎನ್‌ಜಿಎಂಎಯಲ್ಲಿ ಒಬ್ಬ ಕಲಾವಿದರು, ಒಂದು ಕಾಲ ಅಂತ ನೋಡುತ್ತಾ ಹೋಗುತ್ತೀರಿ. ಮ್ಯಾಪ್‌ನಲ್ಲಿ ಒಂದು ವಿಷಯ ಹಿಡಿದು ಪ್ರದರ್ಶನ ಕಟ್ಟುತ್ತಾರೆ. ತೈಲವರ್ಣದ ಪಕ್ಕದಲ್ಲಿ ಸಿನಿಮಾ ಪೋಸ್ಟರ್, ಅದರ ಪಕ್ಕ ಹಳೆ ಸೀರೆ, ಅದರಾಚೆ ಫೋಟೋ. ಬಾಗಿಲು ತೆರೆದ ಹೊಸತರಲ್ಲಿ ಭಾರತೀಯ ಕಲೆಯಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆ ಅನ್ನುವ ದೊಡ್ಡ ಪ್ರದರ್ಶನ ಇತ್ತು. ಜೊತೆಗೆ ಜ್ಯೋತಿ ಭಟ್ ಅವರ ಫೋಟೋಗಳು, ನಮ್ಮ ಕುಂದಾಪುರದ ಕೋಟೇಶ್ವರದ ಎಲ್.ಎನ್. ತಲ್ಲೂರ್ ಅವರ ಶಿಲ್ಪಗಳು. ಬರೆದಿಟ್ಟ ಟಿಪ್ಪಣಿಗಳು ಸುಲಭವಾಗಿರುತ್ತವೆ. ಕಣ್ಣು ಕಾಣದವರಿಗೆ ಮುಟ್ಟಿ ನೋಡುವ ಪ್ರತಿಕೃತಿಗಳನ್ನೂ ಇಡುತ್ತಾರೆ. ಇದನ್ನು ನಾನು ತುಂಬ ದೊಡ್ಡ ಕೆಲಸ ಅಂದುಕೊಂಡಿದ್ದೇನೆ. ಉಳಿದ ಗ್ಯಾಲರಿಗಳೂ ಇದನ್ನು ಕಲಿಯಬೇಕು.

ಹಾಗಾದರೆ ಎರಡರಲ್ಲಿ ಯಾವುದು? ಹದಿಹರೆಯದ ಮಕ್ಕಳು ಜೊತೆಗಿದ್ದರೆ, ಅಥವಾ "ನನಗೆ ಚಿತ್ರಕಲೆ ಅರ್ಥ ಆಗಲ್ಲ" ಅನ್ನುವ ಗೆಳೆಯರಿದ್ದರೆ ಮ್ಯಾಪ್. ಅಲ್ಲಿ ಕಥೆ ಇದೆ, ಯಾರೋ ಕೈ ಹಿಡಿದು ನಡೆಸುತ್ತಾರೆ. ಲಿಫ್ಟ್ ಇದೆ, ವಯಸ್ಸಾದವರಿಗೂ ಅನುಕೂಲ. ಆದರೆ ಕೈ ಹಿಡಿದು ನಡೆಸುವುದರಲ್ಲಿ ಒಂದು ತೊಂದರೆಯೂ ಇದೆ. ಗೋಡೆಯ ಮೇಲಿನ ಬರಹ ಓದಿ ಮುಗಿಸಿದ ಮೇಲೆ ಚಿತ್ರ ನೋಡಲು ಏನೂ ಉಳಿದಿಲ್ಲ ಅನ್ನಿಸಿಬಿಡುತ್ತದೆ. ಒಬ್ಬರೇ ಇದ್ದರೆ, ಸುಮ್ನೆ ಬಣ್ಣ ನೋಡಬೇಕು ಅನ್ನಿಸಿದರೆ ಎನ್‌ಜಿಎಂಎ. ಮ್ಯಾಪ್‌ಗೆ ಹೋದಾಗ ಒಂದು ಕೆಲಸ ಮಾಡಿ ನೋಡಿ: ಮೊದಲು ಚಿತ್ರ, ಆಮೇಲೆ ಟಿಪ್ಪಣಿ. ಕ್ರಮ ತಿರುಗಿಸಿದರೆ ಸಾಕು, ತುಂಬ ವ್ಯತ್ಯಾಸ ಆಗುತ್ತದೆ. ಇದಕ್ಕೂ ಸೋಮವಾರ ರಜೆ. ಕೆಲವು ಪ್ರದರ್ಶನಗಳಿಗೆ ಟಿಕೆಟ್ ಇರುತ್ತದೆ, ಮೊದಲೇ ವೆಬ್‌ಸೈಟ್ ನೋಡಿಕೊಳ್ಳಿ.

ಅದೇ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಕಟ್ಟಡದಲ್ಲಿ ದುರಸ್ತಿ ನಡೆದು ಬಾಗಿಲು ಹಾಕಿದ್ದೂ ಉಂಟು, ಹಾಗಾಗಿ ಹೊರಡುವ ಮುಂಚೆ ಒಂದು ಫೋನ್ ಮಾಡಿ. ಕೆ. ವೆಂಕಟಪ್ಪ (1886–1965) ಮೈಸೂರಿನವರು. ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ಕಲಿತರು. ನಂದಲಾಲ್ ಬೋಸ್ ಜೊತೆಗಾರರು. ವಾಪಸ್ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಅವರ ಊಟಿಯ ಜಲವರ್ಣಗಳನ್ನು ಕನ್ನಡದವರು ಒಮ್ಮೆಯಾದರೂ ಎದುರು ನಿಂತು ನೋಡಬೇಕು. ಬೆಟ್ಟ, ಮಂಜು, ಮೋಡ, ಅಲ್ಲಲ್ಲಿ ಮರ. ಫೋನಿನ ಪರದೆಯಲ್ಲಿ ಆ ಮಂಜು ಬರೀ ಬೂದು ಬಣ್ಣ. ಎದುರು ನಿಂತರೆ, ತೆಳುವಾದ ಬಣ್ಣ ಒಣಗಿದ ಮೇಲೆ ಮತ್ತೊಂದು ತೆಳು ಪದರ, ಮತ್ತೆ ಇನ್ನೊಂದು, ಹೀಗೆ ಎಷ್ಟು ತಾಳ್ಮೆಯಿಂದ ಆ ಮಂಜನ್ನು ಇಳಿಸಿದ್ದಾರೆ ಅಂತ ಕಾಣುತ್ತದೆ.

ಈ ಕಟ್ಟಡಕ್ಕೆ ಇನ್ನೊಂದು ಮಹತ್ವ ಇದೆ. ಇಲ್ಲಿನ ಹಾಲನ್ನು ಸರ್ಕಾರ ಕಡಿಮೆ ಬಾಡಿಗೆಗೆ ಕಲಾವಿದರಿಗೆ ಕೊಡುತ್ತಿತ್ತು. ಈ ಊರಿನ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ಇಲ್ಲೇ ಆಗಿದ್ದು. ಅದಕ್ಕೇ, 2016ರ ಸುಮಾರಿಗೆ ಇದನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದ ಸುದ್ದಿಯಾದಾಗ ಕಲಾವಿದರು ರಸ್ತೆಗಿಳಿದರು. ಗ್ಯಾಲರಿ ಮುಂದೆ ಕೂತು ಚಿತ್ರ ಬರೆದರು, ಹಾಡಿದರು. ಕೊನೆಗೆ ಆ ಒಪ್ಪಂದ ಕೈಬಿಟ್ಟು ಹೋಯಿತು. ನಗರದ ಮಧ್ಯದಲ್ಲಿ ಹೊಸಬರಿಗೆ ಕೈಗೆಟಕುವ ಒಂದು ಗೋಡೆ ಎಷ್ಟು ಮುಖ್ಯ ಅಂತ ಆ ಹೋರಾಟ ತೋರಿಸಿತು.

ಕಲಾವಿದರ ಜೊತೆ ಮಾತಾಡಬೇಕಾ? ಪರಿಷತ್ತಿಗೆ ಹೋಗಿ

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಶುರುವಾಗಿದ್ದು. ಎಂ. ಆರ್ಯಮೂರ್ತಿ, ಎಂ.ಎಸ್. ನಂಜುಂಡರಾವ್ ಕಟ್ಟಿದ ಸಂಸ್ಥೆ. ಕಲಾ ಕಾಲೇಜು ಇದೆ. ಸ್ವಂತ ಸಂಗ್ರಹ ಇದೆ: ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲುಗೊಂಬೆಗಳು, ಕೇಜ್ರಿವಾಲ್ ಕುಟುಂಬ ಕೊಟ್ಟ ಸಂಗ್ರಹ, ರಷ್ಯಾ ಮೂಲದ ರೋರಿಕ್ ತಂದೆ ಮಗನ ಚಿತ್ರಗಳು. ಮಗ ಸ್ವೆತೊಸ್ಲಾವ್ ರೋರಿಕ್, ಪತ್ನಿ, ಸಿನಿಮಾ ನಟಿ ದೇವಿಕಾ ರಾಣಿ ಜೊತೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಹಳ ವರ್ಷ ಇದ್ದವರು. ತಂದೆ ನಿಕೊಲಾಯ್ ರೋರಿಕ್ ಅವರ ಕೃತಿಗಳನ್ನು ಭಾರತ ಸರ್ಕಾರ ಕಲಾ ನಿಧಿ ಅಂತ ಘೋಷಿಸಿದೆ, ದೇಶದಿಂದ ಹೊರಗೆ ಮಾರುವ ಹಾಗಿಲ್ಲ. ಅವರ ಹಿಮಾಲಯದ ನೀಲಿ ನೋಡಲು ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ಹೋಗಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ನಾನು ಪರಿಷತ್ತಿಗೆ ಹೋಗಿ ಅನ್ನುವುದು ಮುಖ್ಯವಾಗಿ ಬಾಡಿಗೆ ಗ್ಯಾಲರಿಗಳಿಗಾಗಿ. ಇಲ್ಲಿ ಕಲಾವಿದರೇ ಅಥವಾ ಗೆಳೆಯರ ಗುಂಪೇ ಬಾಡಿಗೆ ಕಟ್ಟಿ ಕೆಲವು ದಿನ ಗೋಡೆ ಹಿಡಿಯುತ್ತಾರೆ. ಆರಿಸಿದವರು ಚಿತ್ರ ಬರೆದವರೇ. ಹಾಗಾಗಿ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಒಂದು ಹಾಲಿನಲ್ಲಿ ಫೋಟೋ ನೋಡಿ ಬರೆದ ಕುದುರೆ, ಬುದ್ಧ, ಸೂರ್ಯಾಸ್ತ. ಪಕ್ಕದ ಹಾಲಿನಲ್ಲಿ ಕಲಬುರಗಿಯಿಂದಲೋ ಧಾರವಾಡದಿಂದಲೋ ಬಂದವರ ಏಕವ್ಯಕ್ತಿ ಪ್ರದರ್ಶನ. ನೋಡಿದ ತಕ್ಷಣ, ಇವರಿಗೆ ಹೇಳೋದಕ್ಕೆ ತಮ್ಮದೇ ಏನೋ ಇದೆ ಅಂತ ಅನ್ನಿಸುತ್ತದೆ. ಯಾವುದು ಸಿಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ನಿಮ್ಮ ರುಚಿಯನ್ನು ನೀವೇ ಬೆಳೆಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ, ಯಾಕೆಂದರೆ ನಿಮಗಿಂತ ಮುಂಚೆ ಯಾರೂ ಸೋಸಿಲ್ಲ.

ಒಳಗೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಎಷ್ಟೋ ಜನ ಬಾಗಿಲಲ್ಲೇ ಹಿಂಜರಿಯುತ್ತಾರೆ. ಹೊರಗೆ ಬ್ಯಾನರ್. ಬಾಗಿಲ ಪಕ್ಕ ಒಂದು ಮೇಜು, ಅದರ ಮೇಲೆ ಅಭಿಪ್ರಾಯ ಬರೆಯುವ ಪುಸ್ತಕ, ವಿಸಿಟಿಂಗ್ ಕಾರ್ಡು, ಒಂದು ಕ್ಯಾಟಲಾಗ್. ಉದ್ಘಾಟನೆಯ ದೀಪ ಇನ್ನೂ ಮೂಲೆಯಲ್ಲೇ ಇರುತ್ತದೆ. ಚಿತ್ರಗಳ ಕೆಳಗೆ ಹೆಸರು, ಮಾಧ್ಯಮ, ಅಳತೆ. ಬೆಲೆ ಕೆಲವರು ಹಾಕುತ್ತಾರೆ, ಕೆಲವರು ಬೇರೆ ಹಾಳೆಯಲ್ಲಿ ಇಟ್ಟಿರುತ್ತಾರೆ. ಕೆಂಪು ಚುಕ್ಕೆಯ ಸ್ಟಿಕ್ಕರ್ ಇದ್ದರೆ ಅದು ಮಾರಾಟ ಆಗಿದೆ ಅಂತ. ಕುರ್ಚಿಯಲ್ಲಿ ಒಬ್ಬರು ಕೂತಿರುತ್ತಾರಲ್ಲ, ಅವರೇ ಕಲಾವಿದರು. ಬೆಳಗ್ಗೆಯಿಂದ ಯಾರಾದರೂ ಬಂದು ಒಂದು ಮಾತು ಕೇಳಲಿ ಅಂತ ಕಾಯುತ್ತಿರುತ್ತಾರೆ.

"ಇದರ ಅರ್ಥ ಏನು ಸಾರ್?" ಅಂತ ಕೇಳಬೇಡಿ. ತಪ್ಪೇನಿಲ್ಲ, ಆದರೆ ಅದಕ್ಕೆ ಎಲ್ಲರೂ ಒಂದು ಸಿದ್ಧ ಉತ್ತರ ಇಟ್ಟುಕೊಂಡಿರುತ್ತಾರೆ. "ಈ ಬಣ್ಣ ಹೇಗೆ ಬಂತು?", "ಮೊದಲು ಯಾವ ಭಾಗ ಬರೆದಿರಿ?", "ಇಲ್ಲಿ ಕೆಳಗಡೆ ಬೇರೆ ಬಣ್ಣ ಕಾಣಿಸ್ತಿದೆ, ಮೊದಲು ಅಲ್ಲೇನಿತ್ತು?" ಅಂತ ಕೇಳಿ ನೋಡಿ. ಅವರು ಎದ್ದು ಚಿತ್ರದ ಹತ್ತಿರ ಬರುತ್ತಾರೆ. ಬೆರಳು ತೋರಿಸಿ ಹೇಳಲು ಶುರು ಮಾಡುತ್ತಾರೆ. ಅದೂ ಕನ್ನಡದಲ್ಲಿ, ತಮ್ಮ ಊರಿನ ಕನ್ನಡದಲ್ಲಿ. ಕಲೆಯ ಬಗ್ಗೆ ಇಂಗ್ಲಿಷಿನಲ್ಲೇ ಮಾತಾಡಬೇಕು ಅನ್ನುವ ಭಯ ಇದ್ದವರಿಗೆ ಆ ಹತ್ತು ನಿಮಿಷ ತುಂಬ ಉಪಕಾರ ಮಾಡುತ್ತದೆ.

ಖಾಸಗಿ ಗ್ಯಾಲರಿಗಳು

ವಿಲ್ಸನ್ ಗಾರ್ಡನ್ನಿನ ಗ್ಯಾಲರಿ ಸುಮುಖ 1996ರಿಂದ ನಡೆಯುತ್ತಿದೆ. ಇಂಥ ಗ್ಯಾಲರಿಗಳಲ್ಲಿ ಆರಿಸುವವರು ಮಾಲೀಕರು. ಕಲಾವಿದರಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಚಿತ್ರ ಮಾರಾಟವಾದರೆ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್. ಮಾರಾಟ ಆಗದಿದ್ದರೆ ದೀಪದ ಖರ್ಚು, ಕ್ಯಾಟಲಾಗ್ ಖರ್ಚು ಎಲ್ಲ ಅವರ ಮೈಮೇಲೆ. ಹಾಗಾಗಿ ಅವರು ಯೋಚಿಸಿ ಆರಿಸುತ್ತಾರೆ, ಒಬ್ಬ ಕಲಾವಿದರ ಜೊತೆ ವರ್ಷಗಟ್ಟಲೆ ಇರುತ್ತಾರೆ, ಒಂದು ಪ್ರದರ್ಶನವನ್ನು ಕೆಲವು ವಾರ ಇಡುತ್ತಾರೆ. ಇವತ್ತಿನ ಗಟ್ಟಿ ಕೆಲಸ ನೋಡಬೇಕು ಅಂದರೆ ಇಲ್ಲಿಗೇ ಬರಬೇಕು.

ಕರೆಗಂಟೆ ಒತ್ತಿ ಒಳಗೆ ಹೋಗಬೇಕಾದ ಕಡೆ ಸಂಕೋಚ ಆಗುತ್ತದೆ, ನಿಜ. ಕೊಳ್ಳದೆ ನೋಡಿ ಬರುವುದು ತಪ್ಪಲ್ಲ. ಪ್ರವೇಶ ಉಚಿತ, ಯಾರೂ ಏನೂ ಕೇಳುವುದಿಲ್ಲ. ಬೆಲೆ ಪಟ್ಟಿ ಬೇಕಿದ್ದರೆ ಕೇಳಿ ಪಡೆಯಿರಿ, ಅದನ್ನು ಕೇಳಿದ ಮಾತ್ರಕ್ಕೆ ಕೊಳ್ಳಬೇಕು ಅಂತೇನಿಲ್ಲ.

ಇಲ್ಲಿ ನಿಮಗೆ ಚಿತ್ರವೇ ಅಲ್ಲದ ಕೃತಿಗಳು ಎದುರಾಗುತ್ತವೆ. ಹಗ್ಗ, ಇದ್ದಿಲು, ಕಾಗದದ ತಿರುಳು, ವಿಡಿಯೋ. ಇದು ಮೋಸ ಅಂತ ಬಹಳ ಜನಕ್ಕೆ ಅನ್ನಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಶೀಲಾ ಗೌಡ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು. ಆರ್.ಎಂ. ಹಡಪದ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಶಾಂತಿನಿಕೇತನ, ಲಂಡನ್. ಕಲಿತಿದ್ದು ಚಿತ್ರಕಲೆಯನ್ನೇ. 1990ರ ದಶಕದಲ್ಲಿ, ದೇಶದಲ್ಲಿ ಕೋಮು ಹಿಂಸೆ ಹೆಚ್ಚಿದ ಹೊತ್ತಲ್ಲಿ, ಕ್ಯಾನ್ವಾಸಿನ ಬಣ್ಣ ಸಾಲದು ಅನ್ನಿಸಿ ಸೆಗಣಿಯನ್ನು ಕೈಗೆತ್ತಿಕೊಂಡರು. ನಮ್ಮ ಅಂಗಳ ಸಾರಿಸುವ, ಬೆರಣಿ ತಟ್ಟುವ ಅದೇ ಸೆಗಣಿ. ಪೂಜೆಗೂ ಬರುತ್ತದೆ, ಒಲೆಗೂ ಬರುತ್ತದೆ, ಅದರಲ್ಲಿ ಕೈ ಇಡುವುದು ಹೆಚ್ಚಾಗಿ ಹೆಂಗಸರು. ಇಷ್ಟನ್ನು ಒಂದು ಟ್ಯೂಬ್ ಬಣ್ಣ ಹೇಳಲಾರದು. ಇಂದು ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿ ಅವರ ಕೃತಿಗಳಿವೆ. ಅಂಥ ಕೆಲಸ ಎದುರಾದಾಗ "ಇದನ್ನು ಯಾರು ಬೇಕಾದರೂ ಮಾಡಬಹುದು" ಅನ್ನುವ ಮುಂಚೆ, ಈ ವಸ್ತುವನ್ನೇ ಯಾಕೆ ಆರಿಸಿದರು ಅಂತ ಒಂದು ನಿಮಿಷ ಯೋಚಿಸಿ.

ಮಾರಾಟದ ಗೊಡವೆಯೇ ಇಲ್ಲದ ಪ್ರಯೋಗ ನೋಡಬೇಕಿದ್ದರೆ ಶಾಂತಿನಗರದ 1 ಶಾಂತಿ ರೋಡ್. ಕಲಾವಿದ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ್ದು. ದೇಶವಿದೇಶದ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ, ಮಾಡಿದ್ದನ್ನು ತೋರಿಸುತ್ತಾರೆ. ಅರ್ಧ ಆದ ಕೆಲಸವೂ ಇರುತ್ತದೆ. ಕಲಾ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಜಾಗ ಇದು. ಎಂ.ಜಿ. ರಸ್ತೆಯ ಮೆಟ್ರೋ ಪಕ್ಕದ ರಂಗೋಲಿ ಕೇಂದ್ರ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇವೂ ಇವೆ. ಆ ಕಡೆ ಕೆಲಸ ಇದ್ದಾಗ ಒಂದು ಸುತ್ತು ಹಾಕಿ ಬನ್ನಿ.

ಉದ್ಘಾಟನೆಯ ಸಂಜೆ ಹೋಗಬೇಕಾ, ಬೇರೆ ದಿನವಾ? ಜನರನ್ನು ಕಾಣಬೇಕಿದ್ದರೆ ಉದ್ಘಾಟನೆ. ಕಲಾವಿದರು, ವಿಮರ್ಶಕರು, ಸಂಗ್ರಾಹಕರು ಒಂದೇ ಕಡೆ ಸಿಗುತ್ತಾರೆ. ಆದರೆ ಚಿತ್ರದ ಮುಂದೆ ಯಾರದ್ದಾದರೂ ಬೆನ್ನು ಇರುತ್ತದೆ. ಚಿತ್ರಕ್ಕಾಗಿ ಮತ್ತೊಂದು ದಿನ ಮಧ್ಯಾಹ್ನ ಹೋಗಿ.

ಕೊಳ್ಳುವುದಾದರೆ: ಚಿತ್ರಸಂತೆಯೋ, ಗ್ಯಾಲರಿಯೋ, ಕಲಾವಿದರ ಮನೆಯೋ?

ಚಿತ್ರಸಂತೆ ಜನವರಿಯ ಮೊದಲ ವಾರಗಳಲ್ಲಿ ಒಂದು ಭಾನುವಾರ. 2025ರ ಜನವರಿ 5ರಂದು 22ನೆಯದು ನಡೆಯಿತು. ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಶಿವಾನಂದ ಸರ್ಕಲ್ ಕಡೆಯಿಂದ ವಿಂಡ್ಸರ್ ಮ್ಯಾನರ್ ತನಕ ಎರಡೂ ಬದಿ ಚಿತ್ರಗಳು. ದೇಶದ ಮೂಲೆಮೂಲೆಯಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ನೂರಿನ್ನೂರು ರೂಪಾಯಿಯಿಂದ ಲಕ್ಷದವರೆಗೆ ಬೆಲೆ. ಅರ್ಜಿ ನೋಡಿ ಆಯ್ಕೆ ಮಾಡಿದರೂ ಇಷ್ಟು ಜನರಲ್ಲಿ ಎಲ್ಲ ಥರದ್ದೂ ಇರುತ್ತದೆ. ಮಧ್ಯವರ್ತಿ ಇಲ್ಲ, ಕೊಟ್ಟ ದುಡ್ಡು ನೇರ ಕಲಾವಿದರ ಕೈಗೆ. ಇದು ಸಂತೆಯ ದೊಡ್ಡ ಗುಣ. ತೊಂದರೆ ಏನೆಂದರೆ ಯೋಚಿಸಲು ಹೊತ್ತು ಸಿಗುವುದಿಲ್ಲ. ಬೆಳಗ್ಗೆ ಎಂಟಕ್ಕೇ ಹೋಗಿಬಿಡಿ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ, ಇಷ್ಟವಾದವರ ನಂಬರ್ ತೆಗೆದುಕೊಂಡು ಮುಂದೆ ನಡೆಯಿರಿ. ಹನ್ನೊಂದರ ಮೇಲೆ ಚಿತ್ರ ಕಾಣಿಸುವುದಿಲ್ಲ, ತಲೆಗಳಷ್ಟೇ ಕಾಣುತ್ತವೆ.

ಎಲ್ಲೇ ಕೊಳ್ಳಿ, ಕೈಯಲ್ಲಿ ಬರೆದದ್ದೋ ಪ್ರಿಂಟೋ ಅಂತ ನೋಡಲು ಬರಬೇಕು. ಚಿತ್ರವನ್ನು ಎದುರಿನಿಂದ ನೋಡುವುದು ಬಿಟ್ಟು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ನೋಡಿ. ಬ್ರಷ್ ಎಳೆದ ಕಡೆ ಸಣ್ಣ ಉಬ್ಬು, ಗೀರು ಇರುತ್ತವೆ, ಅವು ಚಿತ್ರದ ಆಕಾರದ ಜೊತೆ ಹೋಗುತ್ತವೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿ ಮೇಲೊಂದು ಪಾರದರ್ಶಕ ಜೆಲ್ ಬಳಿದಿದ್ದರೆ ಉಬ್ಬು ಒಂದು ಕಡೆ ಓಡುತ್ತದೆ, ಬಣ್ಣ ಇನ್ನೊಂದು ಕಡೆ. ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಝೂಮ್ ಮಾಡಿದರೆ ಪ್ರಿಂಟಿನಲ್ಲಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಕ್ಯಾನ್ವಾಸಿನ ಅಂಚು, ಬೆನ್ನು ನೋಡಲು ಕೇಳಿ. ಕಲಾವಿದರು ಸಂತೋಷವಾಗಿ ತೋರಿಸುತ್ತಾರೆ. ಪ್ರಿಂಟ್ ಕೊಳ್ಳುವುದು ತಪ್ಪಲ್ಲ. ಕಲಾವಿದರೇ ಮಾಡಿದ ಎಚ್ಚಿಂಗ್ (ಲೋಹದ ತಗಡಿನ ಅಚ್ಚು), ಮರದಚ್ಚು, ಸೆರಿಗ್ರಾಫ್ (ಜಾಲರಿ ಪರದೆಯ ಅಚ್ಚು) ಆದರೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ 12/50 ಅಂತ ಬರೆದು ಸಹಿ ಹಾಕಿರುತ್ತಾರೆ. 50ರಲ್ಲಿ 12ನೆಯ ಪ್ರತಿ ಅಂತ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಕಲಾವಿದರ ಕೃತಿ ಮನೆಗೆ ತರಲು ಇದೇ ಸರಿಯಾದ ದಾರಿ, ನನ್ನ ಮಟ್ಟಿಗೆ.

ಗ್ಯಾಲರಿಯಲ್ಲಿ ಬೆಲೆ ಜಾಸ್ತಿ. ಕಮಿಷನ್ ಸೇರಿರುತ್ತದೆ, ಜಿಎಸ್‌ಟಿಯೂ ಬೀಳುತ್ತದೆ, ಅದನ್ನು ಸೇರಿಸಿ ಹೇಳಿದ್ದಾ ಬಿಟ್ಟು ಹೇಳಿದ್ದಾ ಕೇಳಿಕೊಳ್ಳಿ. ಬದಲಿಗೆ ಬಿಲ್ಲು, ಕಲಾವಿದರ ಸಹಿ ಇರುವ ದೃಢೀಕರಣ ಪತ್ರ, ಸರಿಯಾದ ಪ್ಯಾಕಿಂಗ್ ಸಿಗುತ್ತದೆ. ಕಂತಿನಲ್ಲಿ ಕೊಡುತ್ತೇನೆ ಅಂದರೆ ಒಪ್ಪುವವರೂ ಇದ್ದಾರೆ, ಕೇಳಿ ನೋಡಿ. ದೊಡ್ಡ ಮೊತ್ತ ಆದರೆ ಗ್ಯಾಲರಿಯೇ ಒಳ್ಳೆಯದು, ಮುಂದೆ ಒಂದು ದಿನ ಆ ಚಿತ್ರ ಎಲ್ಲಿಂದ ಬಂತು ಅಂತ ತೋರಿಸಲು ಕಾಗದ ಬೇಕಾಗುತ್ತದೆ.

ಪರಿಷತ್ತಿನ ಪ್ರದರ್ಶನದಲ್ಲಿ ಪರಿಚಯವಾದವರ ಮನೆಗೋ ಸ್ಟುಡಿಯೋಗೋ ಹೋಗಿ ಕೊಳ್ಳುವುದು ಮೂರನೆಯ ದಾರಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಗೋಡೆಗೆ ಒರಗಿಸಿಟ್ಟ ಹಳೆಯ ಕ್ಯಾನ್ವಾಸ್‌ಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸುತ್ತಾರೆ. ಹತ್ತು ವರ್ಷದ ಕೆಲಸ ಒಟ್ಟಿಗೆ ನೋಡಿದಾಗ ಆ ಮನುಷ್ಯನ ಕೈ ಎತ್ತ ಸಾಗುತ್ತಿದೆ ಅಂತ ತಿಳಿಯುತ್ತದೆ. ಒಂದು ಮಾತು: ತರಕಾರಿ ಚೌಕಾಸಿ ಇಲ್ಲಿ ಬೇಡ. ಹೆಚ್ಚಿನವರು ಅಳತೆಯ ಮೇಲೆ ಒಂದು ದರ ಇಟ್ಟುಕೊಂಡಿರುತ್ತಾರೆ. ಅಷ್ಟು ದುಡ್ಡಿಲ್ಲದಿದ್ದರೆ "ನನ್ನ ಬಜೆಟ್ ಇಷ್ಟು, ಇದರಲ್ಲಿ ಚಿಕ್ಕದು ಯಾವುದಾದರೂ ಇದೆಯಾ?" ಅಂತ ಕೇಳಿ. ಕಾಗದದ ಮೇಲಿನ ರೇಖಾಚಿತ್ರವೋ ಸಣ್ಣ ಜಲವರ್ಣವೋ ಖಂಡಿತ ಇರುತ್ತದೆ. ಇದೇ ಕಲಾವಿದರು ಗ್ಯಾಲರಿಯ ಜೊತೆಗೂ ಇದ್ದರೆ ಗ್ಯಾಲರಿಯ ಬೆಲೆಗಿಂತ ಕಡಿಮೆಗೆ ಕೊಡಿ ಅಂತ ಒತ್ತಾಯ ಮಾಡಬೇಡಿ. ಅವರ ನಡುವಿನ ನಂಬಿಕೆ ಕೆಡುತ್ತದೆ.

ಮನೆಗೆ ತಂದ ಮೇಲೆ ಎರಡು ವಿಷಯ. ಸಂತೆಯಲ್ಲಿ ಕ್ಯಾನ್ವಾಸ್ ಸುತ್ತಿ ಕೊಡುವಾಗ ಬಣ್ಣದ ಮುಖ ಹೊರಗೆ ಬರುವ ಹಾಗೆ ಸುತ್ತಿಸಿಕೊಳ್ಳಿ, ಒಳಮುಖವಾದರೆ ಬಣ್ಣ ಮಡಿಚಿ ಸೀಳುತ್ತದೆ. ಮತ್ತೆ ಫ್ರೇಮ್. ಕಾಗದದ ಚಿತ್ರವನ್ನು ಗಾಜಿಗೆ ತಾಗಿಸಿ ಕಟ್ಟು ಹಾಕಿಸಬೇಡಿ. ಮಧ್ಯೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಾಗಿ ಕೂರುವ ದಪ್ಪ ರಟ್ಟು) ಇರಲಿ, ಅದೂ ಆಸಿಡ್ ಇಲ್ಲದ್ದು. ಬೆಂಗಳೂರಿನ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಕಾಗದಕ್ಕೆ ಬೂಷ್ಟು ಬರುತ್ತದೆ, ಕಂದು ಚುಕ್ಕೆ ಏಳುತ್ತದೆ, ಆಮೇಲೆ ಅದನ್ನು ತೆಗೆಯಲು ಪರಿಣತರೇ ಬೇಕು. ಬಚ್ಚಲುಮನೆಯ ಹಿಂಗೋಡೆ, ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆ ಎರಡನ್ನೂ ಬಿಟ್ಟು ಬೇರೆ ಕಡೆ ಮೊಳೆ ಹೊಡೆಯಿರಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಚಿಕ್ಕ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.